ಬೆಂಗಳೂರು ಮುಸ್ಲಿಮ್ಸ್: ಊರು ಮರೆತ ಒಂದು ಕಾಲ್ಚೆಂಡಿನ ತಂಡ

ಬ್ಯಾಟರಾಯನಪುರದಲ್ಲಿ ವಾಸಮಾಡುವ ನನ್ನಂಥವನಿಗೆ ಭಾನುವಾರದ ಮುಂಜಾವಿನಲ್ಲಿ ಬಿಡಿಕಾಸಿನ ಖರ್ಚಿಲ್ಲದೆ ದೊರೆಯುವ ಸುಖವೊಂದಿದೆ. ಬಳ್ಳಾರಿ ರಸ್ತೆಯ ವಾಹನಘೋಷ ಇನ್ನೂ ಭುಗಿಲೇಳದ ಹೊತ್ತಿನಲ್ಲಿ, ಬಡಾವಣೆಯ ಖಾಲಿ ನಿವೇಶನದ ಅಂಚಿಗೆ ನಿಂತು, ಕಳಚಿಟ್ಟ ಚಪ್ಪಲಿಗಳನ್ನೇ ಗೋಲುಗಂಬಗಳೆಂದು ಭಾವಿಸಿ ಹುಡುಗರು ಆಡುವ ಕಾಲ್ಚೆಂಡಿನಾಟವನ್ನು ನೋಡುವುದೇ ಆ ಸುಖ. ಬೆನ್ನಮೇಲೆ ಮೆಸ್ಸಿಯ ಹೆಸರನ್ನು ಹೊತ್ತು, ಬರಿಗಾಲಿನಲ್ಲಿ ಓಡುತ್ತಿದ್ದ ಬಾಲಕನೊಬ್ಬನನ್ನು ಒಮ್ಮೆ ಕರೆದು, “ನಮ್ಮೂರಿನ ಹಳೇ ಟೀಮು ಯಾವುದು ಗೊತ್ತೇನಪ್ಪಾ?” ಎಂದು ಕೇಳಿದೆ. “ಬಿ.ಎಫ್.ಸಿ., ಅಂಕಲ್,” ಎಂದು ತಟಕ್ಕನೆ ನುಡಿದು ಚೆಂಡಿನ ಹಿಂದೆ ಓಡಿದ. ಬೆಂಗಳೂರು ಎಫ್.ಸಿ. ಜನಿಸಿದ್ದು 2013ರಲ್ಲಿ. ಅದಕ್ಕೂ 76 ವರ್ಷಗಳ ಹಿಂದೆ ಈ ಊರಿನ ತಂಡವೊಂದು ಇಡೀ ದೇಶವನ್ನು ಬೆರಗುಗೊಳಿಸಿತ್ತೆಂಬುದು ಆ ಬಾಲಕನಿಗೆ ತಿಳಿಯದಿದ್ದುದು ಅವನ ತಪ್ಪಲ್ಲ. ಹೇಳಬೇಕಾದ ಹಿರಿಯರೇ ಮರೆತು ಕುಳಿತಿದ್ದೇವೆ.

ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಅದರ ಚರಿತ್ರೆಯನ್ನರಿಯಲು ನಮ್ಮ ಬಳ್ಳಾರಿ ರಸ್ತೆಯನ್ನೇ ಹಿಡಿದು, ಹೆಬ್ಬಾಳವನ್ನೂ ಮೇಖ್ರಿ ವೃತ್ತವನ್ನೂ ದಾಟಿ, ಹಳಬರು ‘ದಂಡು’ ಎಂದು ಕರೆಯುತ್ತಿದ್ದ ಕಂಟೋನ್ಮೆಂಟಿನ ಕಡೆಗೆ ಹೊರಳಬೇಕು. 1809ರಲ್ಲಿ ಸ್ಥಾಪಿತವಾದ ಆ ದಂಡುಪ್ರದೇಶಕ್ಕೆ ಆಂಗ್ಲ ಪಟಾಲಮುಗಳು ಕವಾಯತು, ಬ್ಯಾಂಡುವಾದ್ಯಗಳೊಡನೆ ಕಾಲ್ಚೆಂಡನ್ನೂ ತಂದವು. ಪರೇಡು ಮೈದಾನದ ಅಂಚಿನಲ್ಲಿ ನಿಂತು ಸಿಪಾಯಿಗಳ ಆಟವನ್ನು ಕಣ್ಣರಳಿಸಿ ನೋಡುತ್ತಿದ್ದ ಕೇರಿಯ ಹುಡುಗರು, ನೋಡುನೋಡುತ್ತಲೇ ಕಲಿತು, ಬೂಟಿನ ಭಾಗ್ಯವಿಲ್ಲದ ತಮ್ಮ ಪಾದಗಳಿಗೆ ಒಪ್ಪುವಂಥ, ಬಲಕ್ಕಿಂತ ಕೈಚಳಕವನ್ನು, ಅಲ್ಲ, ಕಾಲ್ಚಳಕವನ್ನು ನೆಚ್ಚಿದ ಆಟವೊಂದನ್ನು ರೂಢಿಸಿಕೊಂಡರು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನುಗಳ ಓಣಿಗಳಲ್ಲಿ ಹುಟ್ಟಿಕೊಂಡ ಸಂಘಗಳ ಮೂಲ ಇದೇ.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಪಂದ್ಯಾವಳಿ. ನಾಲ್ಕು ದಶಕಗಳಿಗೂ ಮಿಗಿಲಾದ ಅವಧಿಯಲ್ಲಿ ಅದನ್ನು ಭಾರತೀಯ ತಂಡವೊಂದೂ ಗೆದ್ದಿರಲಿಲ್ಲ. ವರ್ಷವರ್ಷವೂ ಯಾವುದಾದರೊಂದು ಆಂಗ್ಲ ಪಟಾಲಮೇ ಅದನ್ನು ಹೊತ್ತೊಯ್ಯುವುದು ಸೂರ್ಯೋದಯದಷ್ಟೇ ಸಹಜವೆಂದು ಜನ ನಂಬಿದ್ದರು. ಆ ನಂಬಿಕೆಯನ್ನು 1937ರಲ್ಲಿ ಮುರಿದವರು ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದುದು, ಕಲಕತ್ತೆಯ ಲೀಗನ್ನು 1934ರಿಂದ ಸತತವಾಗಿ ಗೆಲ್ಲುತ್ತ ದೇಶದ ಅಗ್ರಗಣ್ಯ ತಂಡವೆಂದು ಕೀರ್ತಿವೆತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. ಅಂಥ ತಂಡವನ್ನು ಸೋಲಿಸಿ ಕಪ್ಪನ್ನು ಬೆಂಗಳೂರಿಗೆ ತಂದ ಇವರು ಮರುವರ್ಷವೂ ಅದನ್ನು ಕೈಬಿಡಲಿಲ್ಲ. 1940ರಲ್ಲಿ ಅದೇ ಮಹಮ್ಮಡನ್ ಸ್ಪೋರ್ಟಿಂಗ್ ಅಂತಿಮ ಪಂದ್ಯದಲ್ಲಿ ಸೇಡು ತೀರಿಸಿಕೊಂಡಿತು. ಆದರೆ ಸ್ವಾತಂತ್ರ್ಯಾನಂತರ, 1948ರಲ್ಲಿ, ಮೋಹನ್ ಬಾಗಾನನ್ನು ಮಣಿಸಿ ಬೆಂಗಳೂರಿನವರು ಮೂರನೆಯ ಬಾರಿ ವಿಜಯಿಗಳಾದರು.

ಈ ತಂಡದಲ್ಲಿ ಆಡಿ ಬೆಳೆದವರ ಪೈಕಿ ಅಗ್ರಪಂಕ್ತಿಗೆ ಸಲ್ಲತಕ್ಕವರು 1926ರಲ್ಲಿ ಇದೇ ಊರಿನಲ್ಲಿ ಜನಿಸಿದ ಅಹಮದ್ ಖಾನ್. ಚೆಂಡು ಅವರ ಪಾದವನ್ನು ಅಂಟಿಕೊಂಡು, ಪುಂಗಿಯ ನಾದಕ್ಕೆ ತಲೆದೂಗುವ ಸರ್ಪದಂತೆ ಅತ್ತಿತ್ತ ಆಡುತ್ತಿದ್ದುದರಿಂದ ಪ್ರೇಕ್ಷಕರು ಅವರನ್ನು ‘ಹಾವಾಡಿಗ’ನೆಂದು ಕರೆದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಅವರೂ ಇದ್ದ, ಬಹುಮಂದಿ ಬರಿಗಾಲಲ್ಲೇ ಆಡಿದ ಭಾರತದ ತಂಡ ಫ್ರಾನ್ಸಿನೆದುರು 2-1ರಿಂದ ಸೋತಿತು. ಅಂದು ಭಾರತದ ಏಕೈಕ ಗೋಲನ್ನು ಹೊಡೆದವರೂ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮವರನ್ನು 10-1ರಿಂದ ಬಗ್ಗುಬಡಿಯಿತು. ಆ ದಾರುಣ ಪರಾಭವದ ನಡುವಿನ ಒಂದೇ ಒಂದು ಗೋಲು ಅಹಮದ್ ಖಾನರದು. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುನ್ನುಗ್ಗುವ ಆಟಗಾರರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕೊಂಡಾಡಿದರಲ್ಲ, ಆ ಐವರಲ್ಲಿ ಒಬ್ಬರೆನಿಸಿ, ಆ ತಂಡಕ್ಕೆ ದಶಕಕಾಲ ಆಡಿದ ಅವರು ತವರಿಗೆ ಮರಳಿ, 2017ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು.

ಇಂಥ ಪ್ರತಿಭೆ ಆಕಾಶದಿಂದ ಉದುರಿದ್ದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಆಟದ ದೊಡ್ಡ ತಂಡಗಳಿಗೆ ಚಿಕ್ಕಪುಟ್ಟ ಊರುಗಳ ‘ಮೈನರ್ ಲೀಗು’ಗಳು ಆಟಗಾರರನ್ನು ಹದಗೊಳಿಸಿ ಕಳುಹಿಸುವಂತೆ, ಇಲ್ಲಿ ಆ ಕೆಲಸವನ್ನು ಮಾಡಿದ್ದು ಊರಿನ ಲೀಗು: ಕೆಳಗೆ ಸಿ ಡಿವಿಷನ್, ಅದರ ಮೇಲೆ ಬಿ, ಎ, ತುದಿಯಲ್ಲಿ ಸೂಪರ್ ಡಿವಿಷನ್. ಗೆದ್ದವರು ಮೆಟ್ಟಿಲೇರುವುದು, ಸೋತವರು ಇಳಿಯುವುದು ಇಲ್ಲಿಯ ನಿಯಮ. ಈ ಸೋಪಾನವನ್ನೇರಿ ಬಂದವರ ಬಲದಿಂದಲೇ ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ, ರಾಜ್ಯಗಳ ನಡುವಣ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಕಾಲ್ಚೆಂಡಿನ ತವರೆಂದು ಹೆಸರಾದ ಬಂಗಾಳವೇ!

ಪಟಾಲಮುಗಳು ತೆರಳಿದ ಮೇಲೆ ಆಟಗಾರರಿಗೆ ಅನ್ನವಿತ್ತವು ಸರಕಾರಿ ಕಾರ್ಖಾನೆಗಳು. ಎಚ್.ಎ.ಎಲ್., ಐ.ಟಿ.ಐ.ಗಳಂಥ ಸಂಸ್ಥೆಗಳು ಚೆಂಡಾಡಬಲ್ಲ ತರುಣನಿಗೆ ನೌಕರಿ ಕೊಟ್ಟು, ಸಂಜೆಯ ಅಭ್ಯಾಸಕ್ಕೆ ಅವಕಾಶವಿತ್ತು ಸಲಹಿದವು. ಬೆಳಗ್ಗೆ ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ ಬೆವರು ಸುರಿಸಿದ ಇಂಥವರ ಎಚ್.ಎ.ಎಲ್. ತಂಡ 2010-11ರ ರಾಷ್ಟ್ರಮಟ್ಟದ ಐ-ಲೀಗಿನಲ್ಲಿ ಆಡಿತು. ಆದರೆ ಸಂಬಳದ ನೌಕರರು ಲಕ್ಷಗಟ್ಟಲೆ ಪಡೆಯುವ ವೃತ್ತಿಪರರಿಗೆ ಸಾಟಿಯಾಗುವುದೆಂತು? ಎರಡನೆಯ ಋತುವಿನ ಕೊನೆಗೆ ಕೆಳಕ್ಕಿಳಿಯಿತು. ಇಷ್ಟಾದರೂ ಬೇರು ಒಣಗಲಿಲ್ಲವೆಂಬುದಕ್ಕೆ ಸಾಕ್ಷಿ 2023ರ ಮಾರ್ಚ್ 4: ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಅನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿಯನ್ನೆತ್ತಿತು.

ದೊಡ್ಡ ತಂಡಕ್ಕೆ ಹಣವಂತರ ಆಶ್ರಯವಿರುತ್ತದೆ. ಚಿಕ್ಕ ತಂಡಕ್ಕಿರುವುದು ಕೇರಿಯ ಅಭಿಮಾನವೊಂದೇ. ಆ ಅಭಿಮಾನ ಬತ್ತಿದಲ್ಲಿ ಮತ್ತೊಬ್ಬ ಅಹಮದ್ ಖಾನನನ್ನು ಯಾವ ಹಣವೂ ಹುಟ್ಟಿಸಲಾರದು. ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೆ: ಬಿಡುವಿದ್ದ ಒಂದು ಮಧ್ಯಾಹ್ನ, ಮನೆಯ ಮಕ್ಕಳ ಕೈಹಿಡಿದು ಮೆಗ್ರಾತ್ ರಸ್ತೆಯ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿ, ಹೆಸರೂ ಕೇಳರಿಯದ ಎರಡು ತಂಡಗಳ ಲೀಗು ಪಂದ್ಯವೊಂದನ್ನು ಕೊನೆಯ ಸೀಟಿಯವರೆಗೂ ಕುಳಿತು ನೋಡಿ. 1937ರ ಆ ಬೆಂಗಳೂರು ತಂಡವೂ ಒಂದು ಕಾಲಕ್ಕೆ ಹೆಸರು ಕೇಳರಿಯದ ತಂಡವೇ ಆಗಿತ್ತು.