ಸಂದೇಶದ ಪೊಟ್ಟಣಗಳು ದಾರಿ ಕಾಣುವ ಬಗೆ

ಒಂದು ಊರಿನ ಗಣಕಯಂತ್ರದಿಂದ ಹೊರಟ ಪತ್ರವು ಎವೆಯಿಕ್ಕುವಷ್ಟರಲ್ಲಿ ಸಮುದ್ರದಾಚೆಯ ದೇಶವನ್ನು ಸೇರುವುದು ಇಂದು ಯಾರಿಗೂ ಸೋಜಿಗವಲ್ಲ. ಆದರೆ ಆ ಪತ್ರಕ್ಕೆ ದಾರಿ ತೋರಿದವರು ಯಾರೆಂದು ವಿಚಾರಿಸುವವರು ವಿರಳ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಇದೇ ಉದ್ಯೋಗವನ್ನು ಕೈಗೊಳ್ಳುವ ಸಂಭವವಿರುವುದರಿಂದ ಈ ವಿಷಯವನ್ನು ಸಂಗ್ರಹವಾಗಿ ನಿರೂಪಿಸುವುದು ಅಪ್ರಸ್ತುತವಾಗಲಾರದು.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಪತ್ರವು ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಅದನ್ನು ಚಿಕ್ಕ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದರ ಮೇಲೂ ಸೇರಬೇಕಾದ ವಿಳಾಸವನ್ನು ನಮೂದಿಸಿ ಕಳುಹಿಸಲಾಗುತ್ತದೆ. ಈ ತುಂಡಿಗೆ ‘ಪ್ಯಾಕೆಟ್’, ಎಂದರೆ ಪೊಟ್ಟಣ, ಎಂದು ಹೆಸರು. ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬವರು 1960ರ ದಶಕದಲ್ಲಿ ಸ್ವತಂತ್ರವಾಗಿ ಈ ಉಪಾಯವನ್ನು ಕಂಡುಹಿಡಿದರು, ಹೆಸರನ್ನಿಟ್ಟವರು ಡೇವಿಸ್. 1969ರಲ್ಲಿ ಅಮೆರಿಕದ ‘ಅರ್ಪಾನೆಟ್’ ಜಾಲವು ಇದನ್ನು ಕಾರ್ಯರೂಪಕ್ಕೆ ತಂದಿತು.

ಜಾಲದ ಕವಲುಗಳಲ್ಲಿ ನಿಂತು ಪೊಟ್ಟಣಗಳನ್ನು ಸಾಗಿಸುವ ಯಂತ್ರಕ್ಕೆ ‘ರೂಟರ್’ ಎನ್ನುತ್ತಾರೆ. ಇದರ ತಂತ್ರಾಂಶಕ್ಕೆ ಎರಡು ಕೆಲಸಗಳುಂಟು. ಬಂದ ಪೊಟ್ಟಣದ ವಿಳಾಸವನ್ನು ನೋಡಿ, ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸಿ, ಮುಂದಿನ ಕವಲಿಗೆ ಕಳುಹಿಸುವುದು ಒಂದು, ಇದು ‘ಫಾರ್ವರ್ಡಿಂಗ್’. ಆ ಪಟ್ಟಿಯನ್ನೇ ಸಿದ್ಧಪಡಿಸಿ, ದಾರಿಗಳು ಬದಲಾದಂತೆಲ್ಲ ತಿದ್ದುವುದು ಇನ್ನೊಂದು, ಇದು ‘ರೂಟಿಂಗ್’. ಯಾವ ರೂಟರೂ ಪೊಟ್ಟಣವನ್ನು ಕೊನೆಯವರೆಗೆ ಕರೆದೊಯ್ಯುವುದಿಲ್ಲ. ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ಸರಿಯಾಗಿ ಇಡಿಸುತ್ತದೆ. ಅಂಚೆ ವಿಂಗಡಿಸುವವನು ದೂರದ ಊರಿನ ಬೀದಿಗಳನ್ನು ಅರಿಯದಿದ್ದರೂ ಚೀಲವನ್ನು ಸರಿಯಾದ ಬಂಡಿಗೆ ಹಾಕುವಂತೆ ಇದು.

ಒಂದೇ ವಿಳಾಸಕ್ಕೆ ಪಟ್ಟಿಯಲ್ಲಿ ಎರಡು ನಮೂದುಗಳು ಹೊಂದಿದರೆ, ಹೆಚ್ಚು ಅಂಕಗಳವರೆಗೆ ತಾಳೆಯಾಗುವ ನಮೂದೇ ಪ್ರಮಾಣ. ‘ಈ ಜಿಲ್ಲೆಯದೆಲ್ಲ ಪೂರ್ವಕ್ಕೆ’ ಎಂದೂ ‘ಈ ಜಿಲ್ಲೆಯ ಇಂಥ ಊರಿನದು ಉತ್ತರಕ್ಕೆ’ ಎಂದೂ ಇದ್ದರೆ ಎರಡನೆಯದನ್ನು ಪಾಲಿಸಬೇಕು. ದಾರಿ ತಪ್ಪಿದ ಪೊಟ್ಟಣವು ಎಂದೆಂದಿಗೂ ಸುತ್ತದಂತೆ ಅದರ ಮೇಲೊಂದು ಸಂಖ್ಯೆಯಿರುತ್ತದೆ. ಪ್ರತಿ ಕವಲಿನಲ್ಲಿ ಒಂದೊಂದು ಕಳೆದು ಸೊನ್ನೆಯಾದಾಗ ಅದನ್ನು ತ್ಯಜಿಸಲಾಗುತ್ತದೆ.

ಆದರೆ ಪಟ್ಟಿಯನ್ನು ಸಿದ್ಧಪಡಿಸುವುದೇ ಕಠಿನವಾದ ಕಾರ್ಯ. 1979ರಿಂದ ಅರ್ಪಾನೆಟ್ಟಿನಲ್ಲಿ ಪ್ರತಿಯೊಂದು ಯಂತ್ರವೂ ತನ್ನ ಕೊಂಡಿಗಳ ಸ್ಥಿತಿಯನ್ನು ಎಲ್ಲರಿಗೂ ಸಾರತೊಡಗಿತು. ಆ ವಾರ್ತೆಗಳಿಂದ ಪ್ರತಿಯೊಂದೂ ಜಾಲದ ನಕ್ಷೆಯನ್ನು ರಚಿಸಿಕೊಂಡು, ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತಿತ್ತು. ಡಚ್ ವಿದ್ವಾಂಸರಾದ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮವು ಇದಕ್ಕೆ ಆಧಾರ. ಹಳೆಯ ವಾರ್ತೆ ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿ ವಾರ್ತೆಗೂ 0ಯಿಂದ 63ರವರೆಗಿನ ಒಂದು ಕ್ರಮಸಂಖ್ಯೆ ಇತ್ತು. 63 ಆದೊಡನೆ ಮತ್ತೆ 0 ಬರುವುದರಿಂದ, ಗಡಿಯಾರದ ಮುಳ್ಳಿನಂತೆ ಮುಂದಕ್ಕೆ ಎಣಿಸಿ, 32 ಹೆಜ್ಜೆಗಳೊಳಗೆ ಸಿಕ್ಕುವ ಸಂಖ್ಯೆಯನ್ನು ಹೊಸದೆಂದು ಪರಿಗಣಿಸುತ್ತಿದ್ದರು.

1980ರ ಅಕ್ಟೋಬರ್ 27ರಂದು ಒಂದು ಯಂತ್ರದ ಸ್ಮೃತಿಯಲ್ಲಿ ದೋಷವುಂಟಾಗಿ, 44 ಎಂಬ ಸಂಖ್ಯೆಯ ದ್ವಿಮಾನ ರೂಪದಿಂದ ಅಂಕಗಳು ಕಳಚಿದವು. 101100 ಇದ್ದದ್ದು ಒಮ್ಮೆ 101000, ಎಂದರೆ 40. ಇನ್ನೊಮ್ಮೆ 001000, ಎಂದರೆ 8 ಆಯಿತು. ವಾಚಕರು ಎಣಿಸಿ ನೋಡಬಹುದು: 8ರಿಂದ 40ಕ್ಕೆ 32 ಹೆಜ್ಜೆ, 40ರಿಂದ 44ಕ್ಕೆ 4, 44ರಿಂದ ಸುತ್ತಿಕೊಂಡು 8ಕ್ಕೆ 28. ಹೀಗೆ ಮೂರು ವಾರ್ತೆಗಳಲ್ಲಿ ಪ್ರತಿಯೊಂದೂ ಮತ್ತೊಂದಕ್ಕಿಂತ ಹೊಸದಾಯಿತು! ಯಂತ್ರಗಳೆಲ್ಲ ಇವನ್ನೇ ಒಂದಕ್ಕೊಂದು ಸಾರುತ್ತ ಬೇರೆ ಕೆಲಸಕ್ಕೆ ಎಡೆಯಿಲ್ಲದಂತಾಗಿ, ಜಾಲವು ಹಲವು ಗಂಟೆಗಳ ಕಾಲ ನಿರುಪಯುಕ್ತವಾಯಿತು. ಒಂದು ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದರೆ ನೆರೆಯವು ಅದೇ ವಾರ್ತೆಯನ್ನು ತುಂಬುತ್ತಿದ್ದವು. ಕೊನೆಗೆ ಆ ವಾರ್ತೆಗಳನ್ನು ಕಡೆಗಣಿಸುವಂತೆ ಎಲ್ಲ ಯಂತ್ರಗಳ ತಂತ್ರಾಂಶವನ್ನೂ ತಿದ್ದಬೇಕಾಯಿತು. 1989ರಲ್ಲಿ ಮೊದಲು ಪ್ರಕಟವಾದ ‘ಓಎಸ್‌ಪಿಎಫ್’ ಎಂಬ ಕ್ರಮದಲ್ಲಿ ವಾರ್ತೆಯೊಡನೆಯೇ ತಾಳೆಮೊತ್ತವೂ ಅದರ ವಯಸ್ಸೂ ಇರುತ್ತವೆ. ಇಂತಹ ಆಪತ್ತನ್ನು ತಡೆಯಲು ಅವು ನೆರವಾಗುತ್ತವೆ.

ಸಂಸ್ಥೆ ಸಂಸ್ಥೆಗಳ ಜಾಲಗಳನ್ನು ಬೆಸೆಯುವ ‘ಬಿಜಿಪಿ’ ಕ್ರಮವೂ 1989ರದೇ. ಇಲ್ಲಿ ಅಪಾಯವು ಬೇರೆ ಬಗೆಯದು. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯೊಂದು ತನ್ನ ದೇಶದೊಳಗೆ ‘ಯೂಟ್ಯೂಬ್’ ತಾಣವನ್ನು ತಡೆಯಲು ಮಾಡಿದ ನಮೂದು ಹೊರಗೆ ಸೋರಿತು. ಅದು ಯೂಟ್ಯೂಬಿನ ಸ್ವಂತ ನಮೂದಿಗಿಂತ ಹೆಚ್ಚು ಅಂಕಗಳವರೆಗೆ ತಾಳೆಯಾಗುತ್ತಿದ್ದುದರಿಂದ, ಜಗತ್ತಿನ ಅನೇಕ ಭಾಗಗಳ ರೂಟರುಗಳು ಸುಮಾರು ಎರಡು ಗಂಟೆಗಳ ಕಾಲ ಅದನ್ನೇ ನಂಬಿದವು. ವಿಳಾಸದ ಹಕ್ಕನ್ನು ಗೂಢಲಿಪಿಯ ಸಹಿಯಿಂದ ಪರೀಕ್ಷಿಸುವ ಏರ್ಪಾಡು ಈಚೆಗೆ ಹರಡುತ್ತಿದೆ.

ಈ ಎರಡು ಪ್ರಸಂಗಗಳಲ್ಲಿಯೂ ಯಂತ್ರಗಳು ನಿಯಮವನ್ನು ಮೀರಲಿಲ್ಲ. ಕೇಳಿದ್ದನ್ನು ಪರೀಕ್ಷಿಸದೆ ನಂಬಿ ಮುಂದಕ್ಕೆ ಸಾರಿದವು, ಅಷ್ಟೆ. ಆದುದರಿಂದ ಈ ತಂತ್ರಾಂಶವನ್ನು ರಚಿಸುವವನಿಗೆ ವೇಗವೊಂದೇ ಗುರಿಯಾಗಬಾರದು. ಬಂದ ವಾರ್ತೆಯು ಕೆಟ್ಟಿದ್ದರೆ ಏನಾದೀತು, ಸುಳ್ಳಾಗಿದ್ದರೆ ಏನಾದೀತು ಎಂದು ಮೊದಲೇ ಯೋಚಿಸುವುದು ಅವನ ಕರ್ತವ್ಯ. ಈ ವಿದ್ಯೆಗೆ ಕಾಲಿಡುವ ನಮ್ಮ ಮಕ್ಕಳು ಗಣಿತದ ಜೊತೆಗೆ ಈ ವಿವೇಕವನ್ನೂ ಅಭ್ಯಾಸ ಮಾಡಲಿ.