ಕಾದ ಗಾಲಿ, ತಣ್ಣನೆಯ ಹೊಳೆ

ಹೊಳೆಗೆ ಇಳಿಯುವ ಮುನ್ನ
ಟ್ರೈಲರಿನ ಗಾಲಿಯನ್ನು ಮುಟ್ಟಿ ನೋಡಿದಿರಾ?

ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಪ್ರಾಂತದಲ್ಲಿ,
ಸುಮಾರು 660 ಕಿಲೋಮೀಟರ್ ಉದ್ದದ ಗಿಬ್ ರಿವರ್ ರಸ್ತೆಯಲ್ಲಿ,
ಕ್ಯಾಂಪರ್ ಟ್ರೈಲರನ್ನು ಎಳೆದುಕೊಂಡು ಪೆಂಟಿಕಾಸ್ಟ್ ನದಿಯನ್ನು ಸಮೀಪಿಸಿದವರೇ,
ಮೊಸಳೆಗಳಿರುವ ಆ ದಡದಿಂದ ದೂರದಲ್ಲಿಯೇ ನಿಲ್ಲಿರಿ.

ಬಹುದೂರ ಉರುಳಿ ಕಾದ ಗಾಲಿಯ ನಾಭಿಯು
ತಣ್ಣೀರಿನಲ್ಲಿ ಮುಳುಗಿದೊಡನೆ,
ಒಳಗಿನ ಗಾಳಿ ಸಂಕೋಚಗೊಂಡು,
ಸವೆದ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳಲು,
ಬೇರಿಂಗಿನ ಗ್ರೀಸು ಹಾಲುಬಣ್ಣಕ್ಕೆ ತಿರುಗಿ ನಿಷ್ಪ್ರಯೋಜಕವಾಗುತ್ತದೆ.

ಆದಕಾರಣ ಗಾಲಿ ಆರಿದ ಮೇಲೆಯೇ ನೀರಿಗಿಳಿಯಿರಿ;
ಪ್ರಯಾಣದ ತರುವಾಯ ಬೇರಿಂಗನ್ನು ಬಿಚ್ಚಿ ಪರೀಕ್ಷಿಸಿರಿ.

ಇನ್ನು ಭಾರದ ಮಾತು.
ಹಿಂಭಾರವಾದ ಎತ್ತಿನ ಗಾಡಿಯ ನೊಗ ಮೇಲೇಳುವಂತೆ,
ಹಿಂದೆ ಹೆಚ್ಚು ಹೇರಿದ ಟ್ರೈಲರು ಕೊಂಡಿಯನ್ನು ಮೇಲೆತ್ತಿ,
ವೇಗದಲ್ಲಿ ಓಲಾಡತೊಡಗುತ್ತದೆ;
ಒಟ್ಟು ತೂಕದ ಸುಮಾರು ಶೇಕಡ 10ರಷ್ಟು
ಕೊಂಡಿಯ ಮೇಲಿರಲಿ.

ಸುರಕ್ಷಾ ಸರಪಳಿಯನ್ನು ಸಿಕ್ಕಿಸದೆ ಹೊರಡಬೇಡಿರಿ.