ಮರಳಿ ಬಾರದ ಶಾಖ

ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಶಾಖವು ತಾನಾಗಿಯೇ ಹರಿಯುವುದೆಂಬುದೂ, ಹೊರಗಿನ ಶ್ರಮವಿಲ್ಲದೆ ಅದು ಹಿಂದಿರುಗದೆಂಬುದೂ ಮನುಷ್ಯನು ಒಲೆ ಹೂಡಿದಂದಿನಿಂದ ಬಲ್ಲ ಸಂಗತಿಯೇ ಆದರೂ, ಅದು ಗಣಿತದ ನಿಷ್ಕರ್ಷೆಗೆ ಒಳಪಟ್ಟುದು ಕಳೆದ ಎರಡು ಶತಮಾನಗಳೀಚೆಗೆ. ಉಗಿಯಂತ್ರವು ಎಷ್ಟೇ ನಿರ್ದುಷ್ಟವಾಗಿರಲಿ, ಅದರ ಕಾರ್ಯಕ್ಕೆ ಮೇರೆ ಹಾಕುವುವು ಅದರ ಬಿಸಿ ಮತ್ತು ತಂಪು ಕೊನೆಗಳ ಉಷ್ಣತೆಗಳೇ ಎಂದು 1824ರಲ್ಲಿ ಫ್ರಾನ್ಸಿನ ತರುಣ ಎಂಜಿನಿಯರ್ ಸಾದಿ ಕಾರ್ನೊ ತೋರಿಸಿದನು. ಆ ಬೀಜವನ್ನು ಬೆಳೆಸಿದ ಜರ್ಮನಿಯ ಕ್ಲಾಸಿಯಸ್ 1865ರಲ್ಲಿ ಶಾಖದ ಈ ಏಕಮುಖ ಹರಿವಿಗೊಂದು ಅಳತೆಯನ್ನು ಕೊಟ್ಟು ಅದನ್ನು ಎಂಟ್ರೊಪಿ ಎಂದು ಹೆಸರಿಸಿದನು.

ಲೆಕ್ಕ ಸರಳವಾದುದು: ಹರಿದ ಶಾಖವನ್ನು ಆಕರದ ಉಷ್ಣತೆಯಿಂದ ಭಾಗಿಸಿದರೆ ಎಂಟ್ರೊಪಿಯ ಏರಿಳಿತ ದೊರೆಯುವುದು. 400 ಕೆಲ್ವಿನ್ ಉಷ್ಣತೆಯ ದೊಡ್ಡದೊಂದು ಆಕರದಿಂದ 300 ಕೆಲ್ವಿನ್ನಿನ ಇನ್ನೊಂದಕ್ಕೆ 1000 ಜೂಲ್ ಶಾಖ ಹರಿದರೆ, ಮೊದಲನೆಯದರ ಎಂಟ್ರೊಪಿ 2.5 ಮಾನದಷ್ಟು ಕುಗ್ಗುವುದು, ಎರಡನೆಯದರದು ಸುಮಾರು 3.33ರಷ್ಟು ಹಿಗ್ಗುವುದು, ಶಕ್ತಿಯಲ್ಲಿ ಲವಲೇಶವೂ ನಷ್ಟವಾಗದಿದ್ದರೂ ಒಟ್ಟು ಎಂಟ್ರೊಪಿ 0.83ರಷ್ಟು ಏರಿತು. ನಷ್ಟವಾದುದು ಅವಕಾಶ: ಅದೇ ಶಾಖವನ್ನು ಕಾರ್ನೊನ ಆದರ್ಶಯಂತ್ರದ ಮೂಲಕ ಹರಿಸಿದ್ದರೆ 250 ಜೂಲ್ ಕಾರ್ಯವನ್ನು ಪಡೆಯಬಹುದಾಗಿತ್ತು.

ಆದರೆ ಈ ಏಕಮುಖತೆ ಎಲ್ಲಿಂದ ಬಂದಿತು? ಅಣುಗಳ ಚಲನೆಯಿಂದಲೇ ಅದನ್ನು ವಿವರಿಸಹೊರಟ ಭೌತವಿಜ್ಞಾನಿ ಬೋಲ್ಟ್ಸ್‌ಮನ್ನನ ಮಿತ್ರನೂ, ವಾಯುವಿನ ಅಣುಗಳ ಗಾತ್ರವನ್ನು ಮೊದಲು ಅಂದಾಜು ಮಾಡಿದವನೂ ಆದ ವಿಯೆನ್ನದ ಲೋಷ್ಮಿಟ್ 1876ರಲ್ಲಿ ಎತ್ತಿದ ಆಕ್ಷೇಪವು ನನ್ನ ಎಣಿಕೆಯಲ್ಲಿ ಈ ಶಾಸ್ತ್ರದ ಅತ್ಯಂತ ಪ್ರಾಮಾಣಿಕವಾದ ಪ್ರಶ್ನೆ. ಅಣುಗಳು ಪಾಲಿಸುವ ನ್ಯೂಟನ್ನನ ನಿಯಮಗಳಿಗೆ ಹಿಂದುಮುಂದೆಂಬ ಭೇದವಿಲ್ಲ; ಎಲ್ಲ ಅಣುಗಳ ವೇಗವನ್ನೂ ಒಮ್ಮೆಗೇ ವಿರುದ್ಧದಿಕ್ಕಿಗೆ ತಿರುಗಿಸಿದರೆ ಅವು ಬಂದ ದಾರಿಯಲ್ಲೇ ಮರಳಬೇಕು; ಹಾಗಿರುವಲ್ಲಿ ಅವುಗಳ ಸಮೂಹ ಮಾತ್ರ ಮರಳಲಾರದೆನ್ನುವುದು ಹೇಗೆ?

ಬೋಲ್ಟ್ಸ್‌ಮನ್ 1877ರಲ್ಲಿ ಎಣಿಕೆಯಿಂದ ಉತ್ತರಿಸಿದನು: ಅಣುಗಳು ಹೆಚ್ಚು ಬಗೆಗಳಲ್ಲಿ ತಲುಪಬಲ್ಲ ಸ್ಥಿತಿಯೇ ಹೆಚ್ಚು ಎಂಟ್ರೊಪಿಯದು, ಹೆಚ್ಚು ಸಂಭವನೀಯವಾದುದೂ ಅದೇ. ಪೆಟ್ಟಿಗೆಯೊಂದರಲ್ಲಿ ಹತ್ತೇ ಅಣುಗಳಿದ್ದರೆ ಅವೆಲ್ಲವೂ ಎಡ ಅರ್ಧದಲ್ಲಿ ಕೂಡುವ ಸಂಭವ 1024ರಲ್ಲಿ ಒಂದು. ನೂರಿದ್ದರೆ, ಒಂದರ ಮುಂದೆ ಮೂವತ್ತು ಸೊನ್ನೆಗಳಿಟ್ಟ ಸಂಖ್ಯೆಗಿಂತಲೂ ತುಸು ಹೆಚ್ಚಾದುದರಲ್ಲಿ ಒಂದು. ಲೀಟರು ಗಾಳಿಯಲ್ಲಿರುವ ಅಣುಗಳ ಎಣಿಕೆಯೇ ಇಪ್ಪತ್ತಮೂರು ಅಂಕಿಗಳದಾದುದರಿಂದ, ಮರಳುವಿಕೆಯನ್ನು ನಿಸರ್ಗವು ನಿಷೇಧಿಸದಿದ್ದರೂ, ಅದಕ್ಕಾಗಿ ಕಾಯಬಲ್ಲಷ್ಟು ಆಯುಸ್ಸು ಈ ವಿಶ್ವಕ್ಕೂ ಇನ್ನೂ ಆಗಿಲ್ಲ.

ಇಷ್ಟರಿಂದ ಲೋಷ್ಮಿಟ್ಟನ ಪ್ರಶ್ನೆ ಮುಗಿಯಿತೆಂದು ಹಲವು ಪಠ್ಯಪುಸ್ತಕಗಳು ಮುಂದೆ ಸಾಗುವುದುಂಟು, ನನಗದು ಒಪ್ಪಿಗೆಯಿಲ್ಲ. ಅದೇ ಎಣಿಕೆಯನ್ನು ಭೂತಕಾಲದತ್ತ ತಿರುಗಿಸಿದರೆ ನಿನ್ನೆಯ ಎಂಟ್ರೊಪಿಯೂ ಇಂದಿಗಿಂತ ಹೆಚ್ಚಾಗಿದ್ದಿರಬೇಕೆಂದೇ ಬರುವುದು. ಅದು ಹಾಗಿಲ್ಲದಿರಲು ವಿಶ್ವದ ಆರಂಭಸ್ಥಿತಿಯೇ ಅತ್ಯಂತ ಕಡಿಮೆ ಎಂಟ್ರೊಪಿಯದಾಗಿದ್ದಿತೆಂದು ಬೇರೆಯಾಗಿ ಅಂಗೀಕರಿಸಬೇಕು; ಅಣುಗಳ ಯಾವ ನಿಯಮವೂ ಅದನ್ನು ಹೇಳಿಕೊಡದು.